ಮೂರು ಕಾಲಿನ ಆನೆ

ಒಂದಾನೊಂದು ಊರಿಗೆ ಎರಡೇ ಬೀದಿ. ಒಂದು ಮೂಡಣ ಬೀದಿ, ಇನ್ನೊಂದು ಪಡುವಣ ಬೀದಿ. ಎರಡೂ ಬೀದಿಯ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಮೂಡಣ ಮನೆಯ ಹಿಂಗೋಡೆಯೇ ಪಡುವಣ ಮನೆಯ ಹಿಂಗೋಡೆ. ನಡುವೆ ಒಂದು ಸಂದಿಯೂ ಇರಲಿಲ್ಲ. ಸುತ್ತಿ ಬಳಸಿ ಹೋಗೋಣವೆಂದರೆ ಸಾಲಿನ ಒಂದು ತುದಿಗೆ ಹೊಳೆ, ಇನ್ನೊಂದು ತುದಿಗೆ ಏರಲಾಗದ ಬಂಡೆ. ಹೀಗಾಗಿ ಒಂದು ಬೀದಿಯವರು ಇನ್ನೊಂದು ಬೀದಿಯನ್ನು ನೋಡಬೇಕೆಂದರೆ ಹಿಂಗೋಡೆಯ ಬಾಗಿಲೊಂದೇ ದಾರಿ.

ಬಾಗಿಲು ಎಂದರೆ ಕದವಿರುವ ಬಾಗಿಲಲ್ಲ. ಪ್ರತಿ ಹಿಂಗೋಡೆಯ ನಡುವೆ ಆಳೆತ್ತರದ ಒಂದು ತೆರವು. ಆ ತೆರವಿಗೆ ಒಂದು ಮರದ ಚೌಕಟ್ಟು. ಆ ಚೌಕಟ್ಟಿಗೆ ಹುರಿಯಿಂದ ಬಿಗಿದು ಕಟ್ಟಿದ ದಪ್ಪನೆಯ ಕೈಮಗ್ಗದ ಬಟ್ಟೆ. ಹೆಣ್ಣುಮಗಳಿಗೆ ಸೂಜಿ ಹಿಡಿಯುವಷ್ಟು ಬುದ್ಧಿ ಬಂದ ದಿನ ಅವಳನ್ನು ಆ ಬಟ್ಟೆಯ ಮುಂದೆ ಕೂರಿಸುತ್ತಿದ್ದರು. ಅದೇ ದಿನ ಆಚೆ ಮನೆಯಲ್ಲೂ ಒಬ್ಬ ಹುಡುಗಿಯನ್ನು ಕೂರಿಸುತ್ತಿದ್ದರು. ಇಬ್ಬರೂ ಸೇರಿ ಆ ಬಟ್ಟೆಯ ಮೇಲೆ ಕಸೂತಿ ಮುಗಿಸಬೇಕು. ಮುಗಿಸಿದ ದಿನ ಬಟ್ಟೆಯನ್ನು ಚೌಕಟ್ಟಿನಿಂದ ಇಳಿಸುತ್ತಾರೆ, ಬಾಗಿಲು ತೆರೆಯುತ್ತದೆ. ಇಳಿಸಿದ ಬಟ್ಟೆಯನ್ನು ಹೊಸ್ತಿಲ ಮೇಲೆ, ಅರ್ಧ ಈ ಮನೆಯಲ್ಲಿ ಅರ್ಧ ಆ ಮನೆಯಲ್ಲಿ ಬರುವಂತೆ ಹಾಸಿ, ಇಬ್ಬರೂ ಅದರ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಅಂದಿನಿಂದ ಎರಡು ಮನೆ ಒಂದೇ ಮನೆ.

ಕೆಲಸದ ರೀತಿಯನ್ನು ಹೇಳದಿದ್ದರೆ ಮುಂದಿನ ಕತೆ ತಿಳಿಯುವುದಿಲ್ಲ. ಅದು ಮೆಂತ್ಯದ ಹೊಲಿಗೆ. ಮೆಂತ್ಯದ ಕಾಳಿನಷ್ಟು ಸಣ್ಣ ಅಡ್ಡಗೀಟುಗಳು, ಒಂದು ಓರೆ ಎಳೆಯ ಮೇಲೆ ಇನ್ನೊಂದು ಓರೆ ಎಳೆ. ಈಚೆಯವಳು ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾಳೆ. ಆಚೆಯವಳು ಅದನ್ನು ಹಿಡಿದು, ದಾರ ಎಳೆದುಕೊಂಡು, ತಾನೂ ಎಳೆ ಎಣಿಸಿ ತಿರುಗಿ ಚುಚ್ಚುತ್ತಾಳೆ. ಸೂಜಿ ಎಲ್ಲಿ ಹೋಗಬೇಕೆಂಬುದು ಇವಳ ಕೈಯಲ್ಲಿ, ಎಲ್ಲಿ ಬರಬೇಕೆಂಬುದು ಅವಳ ಕೈಯಲ್ಲಿ. ಒಬ್ಬಳಿಂದ ಒಂದು ಗೀಟೂ ಆಗದು.

ಇದಕ್ಕೆ ಕಟ್ಟಳೆಗಳಿದ್ದವು. ಬಟ್ಟೆಯಾಚೆ ಮಾತಾಡಬಾರದು. ಮಾತಿನಲ್ಲೇ ಎಲ್ಲ ಮುಗಿದುಹೋದರೆ ಬಟ್ಟೆ ಮುಗಿಯುವುದೇ ಇಲ್ಲ ಎಂದು ಹಿರಿಯರಿಗೆ ಗೊತ್ತಿತ್ತು. ಕೊಟ್ಟ ದಾರವನ್ನು ಹಿಂದಕ್ಕೆ ಎಳೆದುಕೊಳ್ಳಬಾರದು. ತನ್ನ ಬಟ್ಟೆ ಮುಗಿಯದವಳಾಗಲಿ ಅವಳ ಮನೆಯವರಾಗಲಿ ಬೇರೆಯವರ ಬಾಗಿಲು ದಾಟಬಾರದು. ಎರಡು ಕೈಗಳ ನಡುವಿನ ಮಾತಿಗೆ ಮೂರನೆಯ ಬಾಯಿ ಬರಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ದಾರಕ್ಕೆ ಗಂಟು ಹಾಕಬಾರದು. ಮೊದಲ ತುದಿಯನ್ನೂ ಕೊನೆಯ ತುದಿಯನ್ನೂ ಹೊಲಿಗೆಯ ಅಡಿಯಲ್ಲೇ ನುಸುಳಿಸಿ ಅಡಗಿಸಬೇಕು. ಯಾಕೆಂದರೆ ಆ ಬಟ್ಟೆಗೆ ಹಿಂಬದಿ ಎನ್ನುವುದೇ ಇಲ್ಲ. ನಿನ್ನ ಹಿಂಬದಿ ಇನ್ನೊಬ್ಬಳ ಮುಂಬದಿ.

ಈ ಕತೆ ಮೂಡಣ ಬೀದಿಯ ಒಬ್ಬಳದು. ಅವಳನ್ನು ಈಚೆಯವಳು ಎನ್ನೋಣ, ಅವಳ ಜೊತೆಯವಳನ್ನು ಆಚೆಯವಳು ಎನ್ನೋಣ. ಆ ಊರಿನಲ್ಲಿ ಎಲ್ಲರೂ ತಮ್ಮ ಜೊತೆಯವಳನ್ನು ಹಾಗೆಯೇ ಕರೆಯುತ್ತಿದ್ದರು, ಬಾಗಿಲು ತೆರೆಯುವವರೆಗೆ ಹೆಸರು ತಿಳಿಯುತ್ತಿರಲಿಲ್ಲ.

ಸೂಜಿ ಹೋಯಿತು, ಸೂಜಿ ಬಂತು. ಗೋಪುರವೊಂದು ಮೂಡಿತು, ಅದರ ಬುಡದಲ್ಲಿ ಗಿಳಿಸಾಲು ಮೂಡಿತು. ಸೂಜಿ ಹೋಯಿತು, ಸೂಜಿ ಬಂತು. ಈಚೆಯವಳು ಆಚೆಯವಳನ್ನು ಎಂದೂ ಕಂಡವಳಲ್ಲ, ಆದರೆ ಅವಳ ಕೈ ಗೊತ್ತಿತ್ತು. ಸಿಟ್ಟಿದ್ದ ದಿನ ಸೂಜಿ ಟಕ್ಕೆಂದು ಬರುತ್ತಿತ್ತು. ಹಬ್ಬದ ದಿನ ದಾರದಲ್ಲಿ ಬೆಲ್ಲದ ಅಂಟಿರುತ್ತಿತ್ತು. ಒಮ್ಮೊಮ್ಮೆ ಆಚೆಯವಳು ದಾರ ಎಳೆದುಕೊಂಡ ಮೇಲೆ ಸುಮ್ಮನೆ ಎರಡು ಸಲ ಮೆಲ್ಲಗೆ ಜಗ್ಗುತ್ತಿದ್ದಳು. ಅದಕ್ಕೆ ಕಟ್ಟಳೆಯಲ್ಲಿ ಅರ್ಥವಿರಲಿಲ್ಲ, ಅರ್ಥವನ್ನು ಅವರಿಬ್ಬರೇ ಮಾಡಿಕೊಂಡಿದ್ದರು. ಎರಡು ಸಲ ಜಗ್ಗಿದರೆ, ನಾನಿದ್ದೇನೆ ಎಂದು. ಈಚೆಯವಳೂ ಹಾಗೆಯೇ ಎರಡು ಸಲ ಜಗ್ಗುತ್ತಿದ್ದಳು. ತಾಯಿ ತೀರಿಕೊಂಡ ದಿನ ಅವಳು ಯಾರೊಡನೆಯೂ ಮಾತಾಡದೆ ಬಟ್ಟೆಯ ಮುಂದೆ ಬಂದು ಕೂತಿದ್ದಳು. ಅಂದು ಆಚೆಯವಳು ಕತ್ತಲಾಗುವವರೆಗೂ ಹೊಲಿಗೆ ಹಾಕಲಿಲ್ಲ, ಬರೀ ಜಗ್ಗುತ್ತಲೇ ಇದ್ದಳು.

ಕೊನೆಯಲ್ಲಿ ಉಳಿದದ್ದು ಒಂದು ಆನೆ. ಸೊಂಡಿಲು ಬಂತು, ಬೆನ್ನು ಬಂತು, ಬಾಲ ಬಂತು, ಮೂರು ಕಾಲು ಬಂದವು. ನಾಲ್ಕನೆಯ ಕಾಲು ಬಂದರೆ ಬಟ್ಟೆ ಮುಗಿಯುತ್ತಿತ್ತು.

ಆಗಲೇ ಈಚೆಯವಳನ್ನು ಭಯ ಹಿಡಿಯಿತು. ಆ ದಿನಗಳಲ್ಲಿ ಆಚೆಯಿಂದ ಸೂಜಿ ತಡವಾಗಿ ಬರತೊಡಗಿತ್ತು. ಬೆಳಿಗ್ಗೆ ಕಳಿಸಿದರೆ ಸಂಜೆ ಬರುತ್ತಿತ್ತು, ಸಂಜೆ ಕಳಿಸಿದರೆ ಮರುದಿನ. ಆಚೆ ಮನೆಯಲ್ಲಿ ಯಾರಿಗೋ ಕಾಯಿಲೆಯಿದ್ದಿರಬಹುದು, ಕೆಲಸ ಹೆಚ್ಚಿದ್ದಿರಬಹುದು. ಈಚೆಯವಳಿಗೆ ಹಾಗೆ ಅನ್ನಿಸಲಿಲ್ಲ. ಊರಿನಲ್ಲಿ ಕೆಲವು ಬಟ್ಟೆಗಳು ಹೇಗೆ ನಿಂತುಹೋಗುತ್ತವೆಂದು ಅವಳು ಕೇಳಿದ್ದಳು. ಒಂದು ದಿನ ಆ ಕಡೆಯವಳು ದಾರವನ್ನು ತುದಿಯವರೆಗೂ ಎಳೆದುಕೊಂಡು ತಿರುಗಿ ಕಳಿಸುವುದೇ ಇಲ್ಲ. ಸೂಜಿ ಹೋಗುತ್ತದೆ, ದಾರವೂ ಹೋಗುತ್ತದೆ, ಈ ಕಡೆಯವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಗಿಯುವ ಹೊತ್ತಿಗೇ ಹೀಗೆ ಆಗುವುದು ಹೆಚ್ಚು ಎನ್ನುತ್ತಿದ್ದರು.

ಹಾಗಾಗಿ ಅವಳು ಒಂದು ಬೆಳಿಗ್ಗೆ ಸೂಜಿ ಚುಚ್ಚುವ ಮೊದಲು ದಾರದ ನಡುಮಧ್ಯದಲ್ಲಿ ಒಂದು ಗಂಟು ಹಾಕಿದಳು. ಒಂದರ ಮೇಲೊಂದು ಸುತ್ತಿ, ಹಲ್ಲಿನಿಂದ ಬಿಗಿದ ಗಂಟು. ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಅರ್ಧ ದಾರ ಅವಳಿಗೆ, ಅರ್ಧ ನನ್ನ ಹತ್ತಿರವೇ ಇರಲಿ ಎಂದುಕೊಂಡಳು. ಕಟ್ಟಳೆ ಮುರಿಯಬೇಕೆಂದು ಹಾಕಿದ್ದಲ್ಲ. ಇವತ್ತೊಂದು ದಿನ, ಸೂಜಿ ತಿರುಗಿ ಬಂದ ಕೂಡಲೇ ಬಿಚ್ಚುತ್ತೇನೆ ಎಂದುಕೊಂಡೇ ಹಾಕಿದ್ದಳು.

ಸೂಜಿ ಹೋಯಿತು. ಆಚೆಯವಳು ದಾರ ಎಳೆದಳು. ಗಂಟು ಬಟ್ಟೆಗೆ ಬಂದು ತಾಗಿ ನಿಂತಿತು. ಆಚೆಯಿಂದ ಎರಡು ಸಲ ಜಗ್ಗಿದ ಹಾಗಾಯಿತು. ಈಚೆಯವಳಿಗೆ ಖುಷಿಯಾಯಿತು, ಅವಳಿದ್ದಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಸಲ, ಈ ಸಲ ಸ್ವಲ್ಪ ಜೋರಾಗಿ. ಇವಳೂ ಈ ಕಡೆಯಿಂದ ದಾರವನ್ನು ಬೆರಳಿಗೆ ಸುತ್ತಿ ಎರಡು ಸಲ ಜಗ್ಗಿದಳು. ಆಮೇಲೆ ಆಚೆಯಿಂದ ಏನೂ ಬರಲಿಲ್ಲ.

ಮರುದಿನ ಬರಲಿಲ್ಲ. ಹಬ್ಬ ಬಂತು, ಸೂಜಿ ಬರಲಿಲ್ಲ. ಮೊದಮೊದಲು ಬೀದಿಯ ಹೆಂಗಸರು ನೀರಿನ ಕಟ್ಟೆಯಲ್ಲಿ, ಸೂಜಿ ಬಂತೇನೇ ಎಂದು ಕೇಳುತ್ತಿದ್ದರು. ಇಂದಲ್ಲ ನಾಳೆ ಬರುತ್ತದೆ ಎನ್ನುತ್ತಿದ್ದಳು. ಕಟ್ಟಳೆ ಮೀರಿಯಾದರೂ ಬಾಗಿಲು ತೆರೆದವರಲ್ಲಿ ಯಾರನ್ನಾದರೂ ಕೇಳಬಹುದಿತ್ತು, ಆಚೆ ಮನೆಯಲ್ಲಿ ಏನಾಗಿದೆ ನೋಡಿಬನ್ನಿ ಎನ್ನಬಹುದಿತ್ತು. ಆದರೆ ಹಾಗೆ ಕೇಳುವುದೆಂದರೆ ನಾನು ಬೇಡವಾದೆ ಎಂದು ಡಂಗುರ ಹೊಡೆಸಿದ ಹಾಗೆ. ಅವಳು ಕೇಳಲಿಲ್ಲ. ಕಟ್ಟಳೆಯಂತೆ ಅವರೂ ಹೇಳಲಿಲ್ಲ.

ಆಮೇಲೆ ಅವಳು ಬಟ್ಟೆಯ ಕಡೆಗೆ ಬೆನ್ನು ಮಾಡಿ ಕೂರುವುದನ್ನು ಕಲಿತಳು. ತಾನು ಹಾಕಿದ್ದ ಗಂಟು ನೆನಪಿನಿಂದಲೇ ಜಾರಿಹೋಯಿತು. ಬೀಸುವ ಕಲ್ಲನ್ನು ತಂದು ಚೌಕಟ್ಟಿನ ಮುಂದೆ ಹಾಕಿದಳು. ಕಲ್ಲಿನ ಸದ್ದಿನಲ್ಲಿ ಆಚೆಯ ಬಳೆಯ ಸದ್ದು ಕೇಳಿಸುತ್ತಿರಲಿಲ್ಲ. ಕೇಳಿಸಿದರೂ, ಅವಳು ತನ್ನ ಸಂಸಾರದಲ್ಲಿ ಸುಖವಾಗಿದ್ದಾಳೆ, ನನ್ನ ನೆನಪು ಅವಳಿಗೇಕೆ ಎಂದುಕೊಳ್ಳುತ್ತಿದ್ದಳು. ಬೇರೆ ಮನೆಗಳ ಬಾಗಿಲು ತೆರೆದಾಗ ಅವಳೂ ಹೋಗುತ್ತಿದ್ದಳು, ಹೊಸ್ತಿಲಿನ ಈಚೆಗೆ ನಿಂತು ಆರತಿ ತಟ್ಟೆ ಹಿಡಿಯುತ್ತಿದ್ದಳು. ಉಳಿದವರು ನಗುತ್ತ ದಾಟಿ ಹೋಗುತ್ತಿದ್ದರು. ಅವಳು ತಟ್ಟೆ ಹಿಡಿದುಕೊಂಡು ಮನೆಗೆ ಬರುತ್ತಿದ್ದಳು. ಮದುವೆ ಕೇಳಿಕೊಂಡು ಬಂದವರೂ ಹಿಂಗೋಡೆಯನ್ನು ನೋಡಿ ಸುಮ್ಮನೆ ಎದ್ದುಹೋದರು. ಗೋಡೆಯಲ್ಲಿ ಆನೆ ಮೂರು ಕಾಲಿನ ಮೇಲೆ ನಿಂತೇ ಇತ್ತು.

ಹೀಗೆ ಅವಳ ತಲೆ ನೆರೆಯಿತು.

ತಲೆ ನೆರೆಯುವವರೆಗೂ ಮುಗಿಯದ ಬಟ್ಟೆಗೆ ಆ ಊರಿನಲ್ಲಿ ಒಂದೇ ಕೊನೆ. ಗಾರೆಯವನು ಬಂದು ಬಟ್ಟೆ ಕಿತ್ತುಹಾಕಿ ಇಟ್ಟಿಗೆ ಕಟ್ಟುತ್ತಾನೆ. ಬಾಗಿಲಿದ್ದ ಜಾಗ ಗೋಡೆಯಾಗುತ್ತದೆ. ಒಮ್ಮೆ ಕಟ್ಟಿದರೆ ಮತ್ತೆ ಒಡೆಯುವಂತಿಲ್ಲ.

ಗಾರೆಯವನು ಒಂದು ಮಧ್ಯಾಹ್ನ ಅಳತೆಗೆ ಬಂದ. ಬಾಯಿ ತುಂಬ ಎಲೆಯಡಿಕೆ, ಹೆಗಲ ಮೇಲೆ ಚೀಲ. ಬೀಸುವ ಕಲ್ಲನ್ನು ತಾನೇ ಪಕ್ಕಕ್ಕೆ ಉರುಳಿಸಿ, ಧೂಳು ಹಿಡಿದ ಬಟ್ಟೆಯನ್ನು ಕತ್ತು ಓರೆ ಮಾಡಿ ನೋಡಿದ.

"ಏನ್ ಯವ್ವಾ, ನಿನ್ನ ಆನಿ ಒಂದು ಕಾಲು ಎಲ್ಲಿ ಮರೆತು ಬಂದೈತಿ?"

"ಅದನ್ನ ಆಚೀಕಡೆಯಾಕಿನ ಕೇಳಬೇಕಪ್ಪಾ," ಎಂದಳು ಈಚೆಯವಳು.

"ನಾ ಹೆಂಗ ಕೇಳಲಿ? ನಾನೂ ಆ ಬೀದಿ ನೋಡಿದಾಂವ ಅಲ್ಲ. ನಮ್ಮವ್ವನ ಬಾಗಲಾನೂ ನಾನ ಮುಚ್ಚೀನಿ. ಕೆಲಸ ಕಲಿತ ಮ್ಯಾಲ ಮೊದಲು ಕಟ್ಟಿದ ಗ್ವಾಡಿ ಅದು."

ಹಾಗೆ ಹೇಳಿ, ತನ್ನದೇ ಮಾತು ತನಗೆ ಹೆಚ್ಚಾಯಿತೇನೋ ಎಂಬಂತೆ ಚೀಲದೊಳಗೆ ಕೈ ಹಾಕಿ ತೂಗುಗುಂಡು ತೆಗೆದ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ಇಳಿಬಿಡುವ ಕಬ್ಬಿಣದ ಗುಂಡು ಅದು. ಒಂದು ಮರದ ತುಂಡು, ಅದರ ನಡುವೆ ತೂತು, ತೂತಿನಲ್ಲಿ ದಾರ, ದಾರದ ಕೆಳಗೆ ಗುಂಡು. ಅವನು ಮರದ ತುಂಡನ್ನು ಗೋಡೆಗೆ ಒತ್ತಿಹಿಡಿದು ಗುಂಡನ್ನು ಬಿಟ್ಟ. ಗುಂಡು ಸರ್ರೆಂದು ಇಳಿದು ನೆಲ ಮುಟ್ಟುವ ಮೊದಲೇ ತಟ್ಟನೆ ನಿಂತಿತು. ನಿಂತಲ್ಲೇ ತೂಗಾಡತೊಡಗಿತು.

ಈಚೆಯವಳು ಕೇಳಿದಳು, ದಾರ ಇನ್ನೂ ನಿನ್ನ ಕೈಯಲ್ಲಿ ಅಷ್ಟೊಂದು ಇದೆಯಲ್ಲ, ಗುಂಡು ಯಾಕೆ ಅಲ್ಲೇ ನಿಂತಿತು ಎಂದು.

"ಗಂಟು ಹಾಕೀನಿ ಯವ್ವಾ, ತೂತಿಗೆ ಬಂದು ಸಿಕ್ಕೋತೈತಿ. ಕೆಳಗಿಂದ ಎಷ್ಟು ಜಗ್ಗಿದ್ರೂ ದಾರ ಸಿಗೂದಿಲ್ಲ."

ಅವನು ಬಗ್ಗಿ, ತೋರಿಸಲೆಂದು, ಗುಂಡನ್ನು ಹಿಡಿದು ಕೆಳಗಿನಿಂದ ಜಗ್ಗಿದ. ಎರಡು ಸಲ.

ಈಚೆಯವಳು ಗೋಡೆ ಹಿಡಿದುಕೊಂಡಳು. ಗಾರೆಯವನಿಗೆ ಏನೂ ತಿಳಿಯಲಿಲ್ಲ. ನೀರು ಕುಡಿ ಯವ್ವಾ ಎಂದ, ನಾಳೆ ಮಧ್ಯಾಹ್ನ ಗಾರೆ ಕಲಸಿಕೊಂಡು ಬರುತ್ತೇನೆ ಎಂದ, ಇಟ್ಟಿಗೆಗಳನ್ನು ಅಂಗಳದಲ್ಲಿ ಇಳಿಸಿ ಹೋದ.

ಅವನು ಹೋದ ಮೇಲೆ ಅವಳು ಒದ್ದೆ ಬಟ್ಟೆಯಿಂದ ಧೂಳು ಒರೆಸಿದಳು. ಗೋಪುರ ಬಂತು, ಗಿಳಿಸಾಲು ಬಂತು, ಆನೆ ಬಂತು. ಆನೆಯ ಹೊಟ್ಟೆಯ ಕೆಳಗೆ, ನಾಲ್ಕನೆಯ ಕಾಲು ಹುಟ್ಟಬೇಕಾದ ಜಾಗದಲ್ಲಿ, ಅವಳ ಬೆರಳಿಗೆ ಗಂಟು ಸಿಕ್ಕಿತು. ಗಂಟಿನಿಂದ ಈಚೆಗೆ ಅರ್ಧ ದಾರ ಇಳಿಬಿದ್ದಿತ್ತು. ಇಷ್ಟು ಕಾಲವೂ ಅದು ಅವಳ ಬೆನ್ನ ಹಿಂದೆಯೇ ಇತ್ತು.

ಆಚೆಯವಳಿಗೆ ಏನು ಕಂಡಿರಬಹುದೆಂದು ಅವಳು ಒಂದೊಂದಾಗಿ ಯೋಚಿಸಿದಳು. ಸೂಜಿ ಬಂತು, ದಾರ ಗೇಣುದ್ದ ಬಂದು ನಿಂತಿತು. ದಾರ ಪೂರ್ತಿ ಬಂದು ಹೊಲಿಗೆ ಬಿಗಿಯದೆ ಮುಂದಿನ ಗೀಟು ಹಾಕಲಾಗದು. ಬಂದ ತೂತಿನಲ್ಲೇ ಸೂಜಿಯನ್ನು ಹಿಂದಕ್ಕೆ ಕಳಿಸಿದರೆ ಹೊಲಿಗೆ ಬಿಚ್ಚಿಹೋಗುತ್ತದೆ. ದಾರ ಬೇಕೆಂದು ಎರಡು ಸಲ ಜಗ್ಗಿದಳು. ಮತ್ತೆ ಎರಡು ಸಲ ಜಗ್ಗಿದಳು. ಆಗ ಈ ಕಡೆಯವಳು ದಾರವನ್ನು ಬೆರಳಿಗೆ ಸುತ್ತಿಕೊಂಡು ತನ್ನ ಕಡೆಗೆ ಎಳೆದಳು. ದಾರ ಕೊಡದೆ ತನ್ನತ್ತ ಎಳೆದುಕೊಳ್ಳುವುದಕ್ಕೆ ಆ ಊರಿನಲ್ಲಿ ಒಂದೇ ಅರ್ಥ: ಸಾಕು, ನಿನ್ನ ಸಹವಾಸ ಸಾಕು.

ಬೇಡ ಎಂದವರು ಯಾರೆಂದು ಅವಳಿಗೆ ಈಗ ತಿಳಿಯಿತು.

ಅವಳು ಗಂಟನ್ನು ನೀರಿನಲ್ಲಿ ನೆನೆಸಿದಳು. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಲ್ಲಾಗಿದ್ದವು. ಎಣ್ಣೆ ಹಚ್ಚಿದಳು, ಉಗುರಿನಿಂದ ಕೆದಕಿದಳು, ಕೊನೆಗೆ ಚಾಪೆಯ ಕಡ್ಡಿಯೊಂದರ ತುದಿಯನ್ನು ಗಂಟಿನ ಒಡಲಿಗೆ ತೂರಿಸಿ ಅಲುಗಿಸುತ್ತ ಕೂತಳು. ಕತ್ತರಿಸಿದ್ದರೆ ಒಂದು ಗಳಿಗೆಯ ಕೆಲಸ, ಆದರೆ ಕತ್ತರಿಸಿದರೆ ದಾರ ಎರಡಾಗುತ್ತದೆ. ಹಾಕುವಾಗ ಒಂದು ಉಸಿರಿನಷ್ಟು ಹೊತ್ತು ಹಿಡಿದಿದ್ದ ಗಂಟು ಬಿಚ್ಚುವಾಗ ಮಧ್ಯಾಹ್ನವನ್ನೆಲ್ಲ ನುಂಗಿತು. ಹೊತ್ತು ಇಳಿಯುವಾಗ ಬಿಚ್ಚಿತು. ದಾರ ಸಡಿಲವಾಗಿ ಅವಳ ಮಡಿಲಿಗೆ ಬಿತ್ತು. ಗಂಟಿದ್ದ ಕಡೆ ಮಾತ್ರ ಗುಂಗುರಾಗಿಯೇ ಉಳಿಯಿತು.

ಅವಳು ದಾರದ ಮೇಲೆ ಬೆರಳಿಟ್ಟು ಕಾದಳು. ಈಗ ಎಳೆದರೆ ಬರುತ್ತದೆ, ಎಳೆಯೇ ತಾಯಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು. ಯಾರೂ ಎಳೆಯಲಿಲ್ಲ. ಕೂತಲ್ಲೇ ನಿದ್ದೆ ಬಂತು, ಕೂತಲ್ಲೇ ಬೆಳಗಾಯಿತು. ಯಾರೂ ಎಳೆಯಲಿಲ್ಲ.

ಆಗ ಅವಳು ಆ ಊರಿನಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದಳು. ಚೌಕಟ್ಟಿನ ಒಂದು ಬದಿಯ ಹುರಿಯನ್ನು ಸಡಿಲಿಸಿ, ಬಟ್ಟೆಯ ಅಂಚಿನಿಂದ ತನ್ನ ಎಡಗೈಯನ್ನು ಆಚೆಗೆ ಹಾಕಿದಳು. ಕಣ್ಣು ಈಚೆಯಲ್ಲಿ, ಕೈ ಆಚೆಯಲ್ಲಿ. ಆಚೆಯ ಗಾಳಿ ತಣ್ಣಗಿತ್ತು. ಬೆರಳುಗಳು ಬಟ್ಟೆಯ ಮೇಲೆ ತಡವರಿಸುತ್ತ ಆನೆಯನ್ನು ಹುಡುಕಿದವು, ದಾರವನ್ನು ಹುಡುಕಿದವು, ದಾರದ ತುದಿಯಲ್ಲಿ ತೂಗುತ್ತಿದ್ದ ಸೂಜಿಯನ್ನು ಹಿಡಿದವು.

ಸೂಜಿ ನುಣುಪಾಗಿತ್ತು.

ಯಾರೂ ಮುಟ್ಟದೆ ಅಷ್ಟು ಕಾಲ ತೂಗಿದ ಸೂಜಿ ತುಕ್ಕು ಹಿಡಿದು ಮುಟ್ಟಿದರೆ ಮುರಿಯಬೇಕಿತ್ತು. ಇದಕ್ಕೆ ತುಕ್ಕಿನ ಒರಟಿರಲಿಲ್ಲ. ಬೆರಳಿಗೆ ಎಣ್ಣೆಯ ಪಸೆ ಹತ್ತಿತು. ಅಂದರೆ ಯಾರೋ ಅದನ್ನು ನೋಡಿಕೊಂಡಿದ್ದಾರೆ. ಯಾರೋ ಅದನ್ನು ಕಾದಿಟ್ಟಿದ್ದಾರೆ.

ಅವಳು ಬಲಗೈಯನ್ನು ಈ ಮನೆಯಲ್ಲಿಟ್ಟುಕೊಂಡು ಎಡಗೈಯನ್ನು ಆ ಮನೆಯಲ್ಲಿಟ್ಟುಕೊಂಡು ಹೊಲಿಯತೊಡಗಿದಳು. ಎಡಗೈಗೆ ಕಣ್ಣಿರಲಿಲ್ಲ. ಹಾಗಾಗಿ ಗೀಟುಗಳು ಕೆಲವು ಎಳೆ ತಪ್ಪಿದವು, ಕೆಲವು ಓರೆಯಾದವು. ಸೂಜಿ ಹೋಯಿತು, ಸೂಜಿ ಬಂತು. ಬಾಲ್ಯದಲ್ಲಿ ಆಚೆಯಿಂದ ಬರುವ ಸೂಜಿಯ ಮೊನೆ ಎಲ್ಲಿ ಮೂಡುವುದೋ ಎಂದು ಅವಳು ಬಟ್ಟೆಯನ್ನೇ ನೋಡುತ್ತ ಕೂರುತ್ತಿದ್ದಳು. ಈಗ ಎಲ್ಲಿ ಮೂಡುವುದೆಂದು ಮೊದಲೇ ಗೊತ್ತಿತ್ತು. ಅಷ್ಟು ಒಂಟಿತನ ಅವಳಿಗೆ ಬೀಸುವ ಕಲ್ಲಿನ ಮುಂದೆ ಕೂತ ದಿನಗಳಲ್ಲೂ ಆಗಿರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಕಾಲು ನೆಲದ ಕಡೆಗೆ ಇಳಿಯಿತು, ಗೊರಸು ಬಂತು. ಉಳಿದ ಮೂರು ಕಾಲಿಗಿಂತ ಇದು ಸ್ವಲ್ಪ ಗಿಡ್ಡವಾಗಿತ್ತು, ದಾರ ಅಷ್ಟೇ ಇತ್ತು. ಆದರೂ ಆನೆ ನಿಂತಿತು.

ಹುರಿಗಳನ್ನು ಬಿಚ್ಚಿ ಅವಳು ಬಟ್ಟೆಯನ್ನು ಇಳಿಸಿದಳು.

ಆಚೆಯ ಮನೆ ಖಾಲಿಯಾಗಿತ್ತು. ಗುಡಿಸಿ ಸಾರಿಸಿದ ನೆಲ, ತೆರೆದ ಮುಂಬಾಗಿಲು, ಅದರಾಚೆ ಅವಳು ಎಂದೂ ಕಾಣದ ಬೀದಿ. ಹೊಸ್ತಿಲಿನ ಹತ್ತಿರ ಒಂದು ಮಣೆ. ಕೂತು ಕೂತು ನಡುವೆ ತಗ್ಗಾದ ಮಣೆ. ಅದು ಬಟ್ಟೆಗೆ ಮುಖ ಮಾಡಿತ್ತು. ಅದರ ಪಕ್ಕದಲ್ಲಿ ಒಂದು ಚಿಪ್ಪು, ಚಿಪ್ಪಿನಲ್ಲಿ ಎಣ್ಣೆ, ಎಣ್ಣೆಯಲ್ಲಿ ಹತ್ತಿ.

ಕೊಡ ಹೊತ್ತ ಒಬ್ಬ ಹೆಂಗಸು ಮುಂಬಾಗಿಲಿನಿಂದ ಒಳಗೆ ಬಂದಳು. ತೆರೆದ ಹಿಂಗೋಡೆಯನ್ನೂ ಅದರಲ್ಲಿ ನಿಂತವಳನ್ನೂ ಕಂಡು ಕೊಡವನ್ನು ಮೆಲ್ಲಗೆ ಇಳಿಸಿದಳು. ಅವಳು ಆಚೆಯವಳ ಪಕ್ಕದ ಮನೆಯವಳು. ಬಾಗಿಲು ತೆರೆದಿದ್ದರಿಂದ ಕಟ್ಟಳೆ ಕಳೆದಿತ್ತು, ಈಗ ಹೇಳಬಹುದಿತ್ತು. ಅವಳು ಹೇಳಿದಳು. ಆಚೆಯವಳು ತೀರಿಹೋಗಿ ಒಂದು ಸುಗ್ಗಿ ಕಳೆದಿದೆ. ಅವಳೂ ಒಂಟಿಯಾಗಿಯೇ ಇದ್ದಳು. ದಿನಾ ಸಂಜೆ ಮಣೆಯ ಮೇಲೆ ಕೂತು ಸೂಜಿಗೆ ಎಣ್ಣೆ ಹಚ್ಚುತ್ತಿದ್ದಳು. ಆ ಕಡೆಯವಳಿಗೆ ನಾನು ಸಾಕಾಗಿದ್ದೇನೆ, ಆದರೂ ಎಂದಾದರೂ ದಾರ ಸಡಿಲ ಬಿಟ್ಟರೆ ಸೂಜಿ ತಯಾರಿರಬೇಕಲ್ಲ ಎನ್ನುತ್ತಿದ್ದಳು. ಹೋಗುವಾಗ ಆಸ್ತಿಯ ಮಾತಿಲ್ಲ, ಒಡವೆಯ ಮಾತಿಲ್ಲ, ಸೂಜಿಗೆ ತುಕ್ಕು ಹಿಡಿಯದಂತೆ ನೋಡಿಕೋ ಎಂದಷ್ಟೇ ಇವಳಿಗೆ ಹೇಳಿದ್ದಳು.

"ನೀ ಯಾಕ ದಾರ ಕೊಡಲಿಲ್ಲಕ್ಕಾ?" ಪಕ್ಕದ ಮನೆಯವಳು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಗಂಟು ಹಾಕಿದ್ದೆ."

"ಯಾಕ?"

"ಆಕಿ ಬಿಟ್ಟು ಹೋಗಬಾರದಂತ."

ಪಕ್ಕದ ಮನೆಯವಳು ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಈಚೆಯವಳು ಕುಡಿದು, ಆಚೆಯವಳ ಹೆಸರೇನೆಂದು ಕೇಳಿದಳು. ಪಕ್ಕದ ಮನೆಯವಳು ಹೇಳಿದಳು. ಆ ಹೆಸರನ್ನು ಈಚೆಯವಳು ಬಾಯಿಬಿಟ್ಟು ಒಮ್ಮೆ ಕರೆದು ನೋಡಿದಳು. ಆ ಹೆಸರು ಇಲ್ಲಿ ಬೇಡ, ಅದು ಅವರಿಬ್ಬರದು.

ಅಷ್ಟರಲ್ಲಿ ಗಾರೆಯವನು ಕಲಸಿದ ಗಾರೆಯ ಬುಟ್ಟಿ ಹೊತ್ತು ಬಂದ. ಗೋಡೆಯಲ್ಲಿ ಬೆಳಕು ಕಂಡು ಬಾಗಿಲಲ್ಲೇ ನಿಂತ. ಬಟ್ಟೆಯನ್ನು ನೋಡಿದ, ಆನೆಯ ಗಿಡ್ಡ ಕಾಲನ್ನು ನೋಡಿದ, ಆಚೆಯ ಬೀದಿಯನ್ನು ನೋಡಿದ. ಬುಟ್ಟಿಯನ್ನು ಇಳಿಸಿ, ತಲೆಯ ಸಿಂಬಿ ತೆಗೆದು ಮುಖ ಒರೆಸಿಕೊಂಡ.

"ಯವ್ವಾ, ನಾ ಒಂದೀಟು ಆ ಕಡೆ ಹೋಗಿ ಬರ್ಲೇನು?" ಎಂದು ಕೇಳಿದ. "ನಮ್ಮವ್ವನ ಜೋಡಿ ಹೊಲೀತಿದ್ದಾಕಿ ಮನಿ ಯಾವದಂತ ಕೇಳಿ ಬರ್ತೀನಿ."

ಅವಳು ತಲೆಯಾಡಿಸಿದಳು. ಅವನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಹೋದ. ಗಾರೆ ಬುಟ್ಟಿಯಲ್ಲೇ ಗಟ್ಟಿಯಾಗುತ್ತ ಕೂತಿತು.

ಎಲ್ಲರೂ ಹೋದ ಮೇಲೆ ಈಚೆಯವಳು ಪದ್ಧತಿಯಂತೆ ಬಟ್ಟೆಯನ್ನು ಹೊಸ್ತಿಲ ಮೇಲೆ ಹಾಸಿದಳು, ಅರ್ಧ ಈ ಮನೆಯಲ್ಲಿ, ಅರ್ಧ ಆ ಮನೆಯಲ್ಲಿ. ಒಂದು ತಟ್ಟೆಯಲ್ಲಿ ಅನ್ನ ಹಾಕಿಕೊಂಡು ತನ್ನ ಅರ್ಧದ ಮೇಲೆ ಕೂತಳು. ತಟ್ಟೆಯ ಈ ಬದಿಯ ಅನ್ನವನ್ನು ಉಂಡಳು, ಆ ಬದಿಯದನ್ನು ಹಾಗೇ ಬಿಟ್ಟಳು. ಎದುರಿಗೆ ತಗ್ಗಾದ ಮಣೆ ಅವಳ ಮನೆಯನ್ನೇ ನೋಡುತ್ತಿತ್ತು.

ಕೈ ತೊಳೆದ ಮೇಲೆ ಒಂದು ಕೆಲಸ ಉಳಿದಿತ್ತು. ಆನೆಯ ಗೊರಸಿನ ಹತ್ತಿರ ದಾರದ ಕೊನೆಯ ತುದಿ ಹೊರಗಿತ್ತು. ಅದನ್ನು ಹೊಲಿಗೆಯ ಅಡಿಯಲ್ಲಿ ನುಸುಳಿಸಿ ಅಡಗಿಸಬೇಕು, ಅಡಗಿಸಿದರೆ ಬಟ್ಟೆ ಪೂರ್ತಿ ಮುಗಿದ ಹಾಗೆ. ಅವಳು ಸೂಜಿಯನ್ನು ಚಿಪ್ಪಿನ ಎಣ್ಣೆಯಲ್ಲಿ ಅದ್ದಿ ಒರೆಸಿದಳು. ಆಮೇಲೆ ತುದಿಯನ್ನು ಅಡಗಿಸಲಿಲ್ಲ. ಬೆರಳಿನಿಂದ ನೀವಿ ನೇರ ಮಾಡಿ, ಆಚೆಯ ಮನೆಯ ಕಡೆಗೆ ಚಾಚಿ, ಯಾರಾದರೂ ಎಳೆದರೆ ಬರುವಷ್ಟು ಸಡಿಲವಾಗಿ ಬಿಟ್ಟಳು.